ಮನೆಯ ವಿಕಿ: ಮಳೆಗಾಲ ಶುರುವಾಗುವ ತನಕದ ಕೆಲಸ

ಮಾರ್ಚ್

ಅಪ್ಪ ಅಮ್ಮ ಹೆಬ್ರಿ ಹತ್ತಿರದ ತೋಟದ ಮನೆಯಲ್ಲಿ, ತಮ್ಮ ಮಂಗಳೂರಿನಲ್ಲಿ, ನಾನು ಮಣಿಪಾಲದಲ್ಲಿ. ಪಂಪಿನ ಸ್ಟಾರ್ಟರ್ ಯಾವ ಕಂಪನಿಯದ್ದು, ತೆರಿಗೆ ರಸೀದಿ ಯಾವ ಫೈಲಿನಲ್ಲಿದೆ, ಅಡಿಕೆಗೆ ಮದ್ದು ಬಿಡುವವರ ನಂಬರ್ ಏನು, ಇದೆಲ್ಲ ವಾಟ್ಸಾಪ್‌ನಲ್ಲಿ ಹುಡುಕಿ ಹುಡುಕಿ ಸಾಕಾಯಿತು. ಅದಕ್ಕೇ ಮನೆಗೊಂದು ವಿಕಿ, ಅಂದರೆ ಮನೆಯವರೆಲ್ಲ ಸೇರಿ ಬರೆದು ತಿದ್ದುವ ಪುಟಗಳ ತಾಣ. ಷರತ್ತು ಒಂದೇ: ಸರ್ವರ್ (ವಿಕಿ ಓಡಿಸುವ ಕಂಪ್ಯೂಟರ್) ಬಂದ್ ಆಗಿದ್ದರೂ ಪುಟ ಓದಲು ಸಿಗಬೇಕು. ಆಗುಂಬೆ ಘಾಟಿಯ ಬುಡದ ಮಳೆ ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ.

ಮೊದಲು ನೋಡಿದ್ದು ಮೀಡಿಯಾವಿಕಿ. ವಿಕಿಪೀಡಿಯ ಓಡುವುದೇ ಅದರ ಮೇಲೆ. ಆದರೆ ಪುಟಗಳೆಲ್ಲ ಡೇಟಾಬೇಸ್ ಒಳಗೆ ಇರುತ್ತವೆ. ಓಡುತ್ತಿರುವ ಡೇಟಾಬೇಸಿನ ಫೈಲನ್ನು ಫೋನಿಗೆ ಸಿಂಕ್ ಮಾಡುವುದು (ಎರಡೂ ಕಡೆ ಒಂದೇ ಪ್ರತಿ ಇರುವ ಹಾಗೆ ನೋಡಿಕೊಳ್ಳುವುದು) ಸುಮ್ನೆ ತಲೆನೋವು. ಟಿಡ್ಲಿವಿಕಿ ಚೆಂದ, ಇಡೀ ವಿಕಿ ಒಂದೇ ಎಚ್‌ಟಿಎಂಎಲ್ ಫೈಲ್. ನಮಗೆ ಅದೇ ತೊಂದರೆ. ತಮ್ಮ ಒಂದು ಟಿಪ್ಪಣಿ, ನಾನು ಬೇರೆಯೇ ಟಿಪ್ಪಣಿ ತಿದ್ದಿದರೂ ಫೈಲ್ ಒಂದೇ ಆದ್ದರಿಂದ ಡಿಕ್ಕಿ ಗ್ಯಾರಂಟಿ. ಕೊನೆಗೆ ಡೋಕುವಿಕಿ. 2004ರಿಂದ ಇದೆ, ಡೇಟಾಬೇಸ್ ಬೇಡ, ಒಂದು ಪುಟಕ್ಕೆ ಒಂದು ಟೆಕ್ಸ್ಟ್ ಫೈಲ್. ವಿಕಿಯೇ ಇಲ್ಲದಿದ್ದರೂ ಆ ಫೈಲ್ ಯಾವ ಎಡಿಟರಿನಲ್ಲೂ ತೆರೆಯುತ್ತದೆ.

ಏಪ್ರಿಲ್

ಸರ್ವರ್ ಆಗಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ತಗೊಳ್ಳೋಣ ಅಂತ ತಮ್ಮ ಹಟ ಹಿಡಿದಿದ್ದ. ನಾನು ಹಳೆಯ ಲ್ಯಾಪ್‌ಟಾಪ್ ಇಟ್ಟೆ. ಕರೆಂಟು ಹೋದಾಗ ಪೈ ಆ ಕ್ಷಣವೇ ಆರುತ್ತದೆ, ಬರೆಯುತ್ತಿರುವಾಗಲೇ ಆರಿದರೆ ಮೆಮೊರಿ ಕಾರ್ಡ್ ಕೆಡುವುದೂ ಉಂಟು. ಲ್ಯಾಪ್‌ಟಾಪಿಗೆ ಬ್ಯಾಟರಿ ಹುಟ್ಟಿನಿಂದಲೇ ಇದೆ. ಇನ್ನೊಂದು ವಿಷಯ: ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಕೇಳಿದ ಕೂಡಲೇ ಅಮ್ಮ ಮನೆಯ ಎಲ್ಲ ಪ್ಲಗ್ ತೆಗೆಯುತ್ತಾರೆ. ತೆಗೆಯಬೇಕಾದ್ದೇ. ಹಾಗಾಗಿ ಪ್ಲಗ್ ತೆಗೆದರೂ ಬದುಕುವ ಯಂತ್ರವೇ ನಮಗೆ ಸರಿ.

ಮನೆಯ ಇಂಟರ್ನೆಟ್‌ಗೆ ಸ್ವಂತ ಪಬ್ಲಿಕ್ ಐಪಿ (ಹೊರಗಿನಿಂದ ತಲುಪುವ ವಿಳಾಸ) ಇಲ್ಲ, ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದಾರೆ. ರೌಟರಿನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ಬಾಗಿಲು) ತೆರೆದು ಏನೂ ಪ್ರಯೋಜನ ಇಲ್ಲ. ಟೇಲ್‌ಸ್ಕೇಲ್ ಹಾಕಿದೆವು. ಅದು ವೈರ್‌ಗಾರ್ಡ್ ಎಂಬ ಗೂಢಲಿಪಿ ಸಂಪರ್ಕದ ತಂತ್ರದ ಮೇಲೆ ನಮ್ಮ ಸಾಧನಗಳಿಗಷ್ಟೇ ಒಂದು ಖಾಸಗಿ ಜಾಲ ಕಟ್ಟಿಕೊಡುತ್ತದೆ. ಬ್ರೌಸರಿನಲ್ಲಿ ಓದುವವರಿಗೆ ಇಷ್ಟು ಸಾಕು. ವಿಕಿ ಊರಿಗೆಲ್ಲ ಕಾಣುವುದೂ ಇಲ್ಲ, ಅದೇ ನೆಮ್ಮದಿ.

ಇನ್ನು ಕನ್ನಡದ ಹೆಸರುಗಳ ಕತೆ. ಇದಕ್ಕೆ ಜಾಸ್ತಿ ಸಮಯ ಹೋಯಿತು, ಆದ್ದರಿಂದ ವಿವರವಾಗಿ ಬರೆಯುತ್ತೇನೆ. ಡೋಕುವಿಕಿ ಸುಮ್ಮನೆ ಬಿಟ್ಟರೆ ಫೈಲಿನ ಹೆಸರನ್ನು ವೆಬ್ ವಿಳಾಸದ ಹಾಗೆ ಶೇಕಡಾ ಚಿಹ್ನೆಗಳ ಸರಪಳಿ ಮಾಡಿ ಇಡುತ್ತದೆ. ಕಂಪ್ಯೂಟರ್ ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದು ಚಿಹ್ನೆಗೆ 3 ಬೈಟ್. ಒಂದೊಂದು ಬೈಟ್ ಕೂಡ ಈ ಸರಪಳಿಯಲ್ಲಿ 3 ಅಕ್ಷರ ಆಗುತ್ತದೆ. ಅಂದರೆ ಬರಿ ‘ಕ’ಕ್ಕೆ 9. ‘ಕಿ’ ಬರೆದರೆ ಗುಣಿತ ಸೇರಿ 18. ಲಿನಕ್ಸಿನ ಎಕ್ಸ್ಟ್4 ಫೈಲ್ ವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟ್. ಕೊನೆಯ ‘.txt’ ಬಿಟ್ಟು ಲೆಕ್ಕ ಹಾಕಿದರೆ 27 ಚಿಹ್ನೆಯೊಳಗೆ ಹೆಸರು ಮುಗಿಯಬೇಕು. ‘ಬಾವಿಯ ಪಂಪ್‌ಸೆಟ್ಟಿನ ಸ್ಟಾರ್ಟರ್ ರಿಪೇರಿ’ ಅಂತ ಹೆಸರಿಟ್ಟರೆ ಸೇವ್ ಆಗುವುದೇ ಇಲ್ಲ. ಫೋನಿನಲ್ಲಿ ಈ ಫೈಲುಗಳನ್ನು ನೇರ ನೋಡಿದರೆ ಯಾವುದು ಯಾವ ಪುಟ ಅಂತ ದೇವರಿಗೇ ಗೊತ್ತು.

ಸೆಟ್ಟಿಂಗಿನಲ್ಲಿ ಫೈಲ್ ಹೆಸರಿನ ಎನ್‌ಕೋಡಿಂಗ್ ಅಂತ ಒಂದು ಆಯ್ಕೆ ಉಂಟು. ಅದನ್ನು ಯುಟಿಎಫ್-8 ಮಾಡಿದ ಮೇಲೆ ಫೈಲುಗಳು ಕನ್ನಡದ ಹೆಸರಿನಲ್ಲೇ ಕೂರುತ್ತವೆ, ಜಾಗವೂ ಮೂರು ಪಟ್ಟು ಸಿಗುತ್ತದೆ. ಪುಟಗಳನ್ನು ತುಂಬುವ ಮೊದಲೇ ಇದನ್ನು ಮಾಡಿ. ಆಮೇಲೆ ಬದಲಿಸಿದರೆ ಹಳೆಯ ಫೈಲುಗಳ ಹೆಸರನ್ನು ಕೈಯಾರೆ ತಿದ್ದಬೇಕು, ಇಲ್ಲದಿದ್ದರೆ ವಿಕಿಗೆ ಅವು ಕಾಣುವುದಿಲ್ಲ.

ಮೇ

ಸಿಂಕ್‌ಗೆ ಸಿಂಕ್‌ಥಿಂಗ್. ನಡುವೆ ಯಾರ ಕ್ಲೌಡೂ ಇಲ್ಲ, ಸಾಧನದಿಂದ ಸಾಧನಕ್ಕೆ ಹೋಗುತ್ತದೆ. ನೇರ ದಾರಿ ಸಿಗದಿದ್ದರೆ ರಿಲೇ (ನಡುವೆ ದಾಟಿಸುವ ಸರ್ವರ್) ಮೂಲಕ ಸಾಗುತ್ತದೆ, ಆಗಲೂ ರಿಲೇ ನಡೆಸುವವರಿಗೆ ಒಳಗೇನಿದೆ ಅಂತ ಓದಲು ಆಗದು. ಒಂದೇ ತೊಡಕು, ಎರಡೂ ಸಾಧನ ಒಂದೇ ಹೊತ್ತಿಗೆ ಆನ್ ಇರಬೇಕು. ಹೆಬ್ರಿಯ ಲ್ಯಾಪ್‌ಟಾಪ್ ಯಾವಾಗಲೂ ಓಡುತ್ತಿರುವುದರಿಂದ ಅದೇ ನಡುವಿನ ಕೊಂಡಿ. ಆಂಡ್ರಾಯ್ಡ್‌ಗೆ ಮೂಲ ತಂಡದ ಆ್ಯಪ್ 2024ರ ಡಿಸೆಂಬರಿಗೆ ನಿಂತುಹೋಗಿದೆ. ನಾವು ಹಾಕಿದ್ದು ಅದರಿಂದಲೇ ಕವಲೊಡೆದು ಬೇರೆಯವರು ನಡೆಸುವ ಸಿಂಕ್‌ಥಿಂಗ್-ಫೋರ್ಕ್.

ಫೋನಿಗೆ ಕಳಿಸುವುದು ಪುಟಗಳ ಫೋಲ್ಡರ್ ಒಂದನ್ನೇ. ಕ್ಯಾಶ್ (ಬೇಗ ತೋರಿಸಲು ಇಟ್ಟ ತಾತ್ಕಾಲಿಕ ಪ್ರತಿ), ಹುಡುಕಾಟದ ಸೂಚಿ, ಲಾಕ್ (ಒಬ್ಬರು ತಿದ್ದುವಾಗ ಇನ್ನೊಬ್ಬರನ್ನು ತಡೆಯುವ) ಫೈಲುಗಳಿಗೆ ಲ್ಯಾಪ್‌ಟಾಪ್ ಬಿಟ್ಟು ಬೇರೆಲ್ಲೂ ಕೆಲಸವಿಲ್ಲ. ಸಿಂಕ್‌ಥಿಂಗ್ ಮತ್ತು ವೆಬ್ ಸರ್ವರ್ ಬೇರೆ ಬೇರೆ ಯೂಸರ್ ಹೆಸರಿನಲ್ಲಿ ಓಡುತ್ತವೆ. ಹಾಗಾಗಿ ಫೋನಿನಿಂದ ಬಂದ ಪುಟವನ್ನು ವಿಕಿಯಲ್ಲಿ ತಿದ್ದಲು ಬಿಡುತ್ತಿರಲಿಲ್ಲ. ಆ ಎರಡೂ ಯೂಸರ್ ಹೆಸರುಗಳನ್ನು ಒಂದೇ ಗ್ರೂಪಿಗೆ ಹಾಕಿ, ಗ್ರೂಪಿಗೆ ಬರೆಯುವ ಹಕ್ಕು ಕೊಟ್ಟ ಮೇಲೆ ಸರಿಹೋಯಿತು.

ಡಿಕ್ಕಿಯ ವಿಷಯ. ವಿಕಿಯ ಲಾಕ್ ಬ್ರೌಸರಿನಲ್ಲಿ ಬರೆಯುವವರ ನಡುವೆ ಮಾತ್ರ ನಡೆಯುತ್ತದೆ. ಫೋನಿನಲ್ಲಿ ಫೈಲ್ ತಿದ್ದುವವನಿಗೆ ಅದರ ಹಂಗಿಲ್ಲ. ಎರಡು ಕಡೆ ತಿದ್ದಿದರೆ ಸಿಂಕ್‌ಥಿಂಗ್ ಒಂದನ್ನು ಉಳಿಸಿ ಇನ್ನೊಂದನ್ನು ‘ಕಾನ್‌ಫ್ಲಿಕ್ಟ್’ ಅಂತ ಹೆಸರು ಬದಲಿಸಿ ಪಕ್ಕದಲ್ಲಿ ಇಡುತ್ತದೆ. ಏನೂ ಕಳೆಯುವುದಿಲ್ಲ, ಆದರೆ ಕೂತು ಹೊಂದಿಸುವವರು ಯಾರು? ನಾವು ಮಾಡಿದ್ದು ಇಷ್ಟು: ಪ್ರತಿ ಫೋನಿಗೂ ಒಂದು ಚೀಟಿ ಪುಟ. ತಮ್ಮನ ಫೋನ್ ತಮ್ಮನ ಚೀಟಿಗೆ ಮಾತ್ರ ಬರೆಯುತ್ತದೆ, ನನ್ನದು ನನ್ನ ಚೀಟಿಗೆ. ಒಂದು ಫೈಲಿಗೆ ಬರೆಯುವವರು ಒಬ್ಬರೇ ಆದರೆ ಡಿಕ್ಕಿ ಹೇಗೆ ಆಗಬೇಕು ಹೇಳಿ! ಬಿಡುವಾದಾಗ ಬ್ರೌಸರಿನಲ್ಲಿ ಕೂತು ಚೀಟಿಯಲ್ಲಿದ್ದದ್ದನ್ನು ಸರಿಯಾದ ಪುಟಕ್ಕೆ ನಕಲು ಮಾಡುತ್ತೇವೆ. ಚೀಟಿ ಖಾಲಿ ಮಾಡುವುದು ಮಾತ್ರ ಆ ಫೋನಿನವರೇ.

ಸಿಂಕ್ ಅಂದರೆ ಬ್ಯಾಕಪ್ ಅಲ್ಲ. ಒಂದು ಕಡೆ ಅಳಿಸಿದರೆ ಎಲ್ಲ ಕಡೆ ಅಳಿಯುತ್ತದೆ. ಲ್ಯಾಪ್‌ಟಾಪಿನಲ್ಲಿ ಸಿಂಕ್‌ಥಿಂಗ್‌ನ ಫೈಲ್ ವರ್ಷನಿಂಗ್ (ಹಳೆಯ ಪ್ರತಿ ಉಳಿಸುವ ಆಯ್ಕೆ) ಆನ್ ಮಾಡಿದ್ದೇವೆ. ಬೇರೆ ಹಾರ್ಡ್ ಡಿಸ್ಕಿಗೂ ಒಂದು ಪ್ರತಿ ಹೋಗುತ್ತದೆ.

ಜೂನ್

ನಿಜವಾದ ಪರೀಕ್ಷೆ ಮಳೆಗೆ ಮೊದಲಿನ ಮದ್ದು ಬಿಡುವ ದಿನ. ಕರೆಂಟು ಇಲ್ಲ, ತೋಟದಲ್ಲಿ ನೆಟ್‌ವರ್ಕೂ ಇಲ್ಲ. ಅಡಿಕೆಗೆ ಬಿಡುವ ಶೇಕಡಾ 1ರ ಬೋರ್ಡೋ ದ್ರಾವಣದ ಪುಟ ಫೋನಿನಲ್ಲಿ ತೆರೆಯಿತು: ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಅಪ್ಪ ಇಣುಕಿ ನೋಡಿ, “ಕತ್ತಿ ಅದ್ದಿ ನೋಡುವುದು ಬರೆದಿದ್ದೀಯಾ? ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಲೆಕ್ಕ” ಅಂದರು. ಬರೆದಿರಲಿಲ್ಲ. ಅಲ್ಲೇ ನಿಂತು ಚೀಟಿಗೆ ಸೇರಿಸಿದೆ. ಕರೆಂಟು ಬಂದ ಮೇಲೆ ತಾನಾಗಿಯೇ ಲ್ಯಾಪ್‌ಟಾಪಿಗೆ ಹೋಯಿತು.

ಆದರೆ ವಿಕಿಯಲ್ಲಿ ‘ಕತ್ತಿ’ ಅಂತ ಹುಡುಕಿದರೆ ಆ ಚೀಟಿ ಸಿಗಲಿಲ್ಲ. ಹೊರಗಿನಿಂದ ಬಂದ ಫೈಲನ್ನು ಯಾರಾದರೂ ಬ್ರೌಸರಿನಲ್ಲಿ ತೆರೆಯುವ ತನಕ ಸೂಚಿಗೆ ಸೇರುವುದಿಲ್ಲ. ಡೋಕುವಿಕಿಯ ಜೊತೆಗೇ ಬರುವ, ಸೂಚಿ ಕಟ್ಟುವ ಇಂಡೆಕ್ಸರ್ ಸ್ಕ್ರಿಪ್ಟನ್ನು ದಿನಾ ರಾತ್ರಿ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಶುರುಮಾಡುವ ಲಿನಕ್ಸ್ ಸೌಲಭ್ಯ) ಮೂಲಕ ಓಡಿಸುತ್ತಿದ್ದೇನೆ. ಕನ್ನಡದ ವಿಭಕ್ತಿಗಳ ಕಾಟ ಹೇಗೂ ಇದೆ. ‘ಅಡಿಕೆ’ ಹುಡುಕಿದರೆ ‘ಅಡಿಕೆಗೆ’ ಸಿಗದು, ಕೊನೆಗೆ ನಕ್ಷತ್ರ ಚಿಹ್ನೆ ಹಾಕಬೇಕು. ಮನೆಯವರಿಗೆ ಇದನ್ನು ಹೇಳಿಕೊಟ್ಟಾಯಿತು. ಅಪ್ಪ ಮಾತ್ರ ಹುಡುಕುವುದಿಲ್ಲ, ಫೋನ್ ಮಾಡಿ ನನ್ನ ಹತ್ತಿರವೇ ಹುಡುಕಿಸುತ್ತಾರೆ.

ಬಾಕಿ ಇರುವುದು ಫೋಟೋಗಳು. ಜಾಗದ ದಾಖಲೆ, ರಸೀದಿಗಳ ಸ್ಕ್ಯಾನ್ ಸೇರಿಸಿದರೆ ಅಮ್ಮನ ಫೋನಿನಲ್ಲಿ ಜಾಗ ಸಾಲದು. ಸದ್ಯಕ್ಕೆ ಅವು ಲ್ಯಾಪ್‌ಟಾಪಿನಲ್ಲೇ ಇರಲಿ. ಮಳೆ ಸ್ವಲ್ಪ ಬಿಟ್ಟ ಮೇಲೆ ತಮ್ಮನ ಕಂಪ್ಯೂಟರಿಗೂ ಆ ಫೋಲ್ಡರನ್ನು ಕಳಿಸುವ ಆಲೋಚನೆ ಉಂಟು.