ವೈಜಿ ಇಂಜಿನ್: ಬಣ್ಣ ಆಯ್ತು, ಈಗ ಧೂಳಿನ ಕೆಲಸ

ಹಿತ್ತಲ ಹಳಿಯಲ್ಲಿ ಓಡಿಸಲು ಕಟ್ಟುತ್ತಿರುವ ವೈಜಿ ಉಗಿ ಇಂಜಿನ್ ಮಾದರಿಯ ಮೈಕಟ್ಟು ಮುಗಿದು ಕಪ್ಪು ಪ್ರೈಮರ್ ಬಿತ್ತು. ಇನ್ನು ಇಂಜಿನ್ ಓಡಿ ಹಳೇದಾದಂತೆ ಕಾಣುವ ಹಾಗೆ ಮಾಡಬೇಕು.

ಹೊಸಬರಿಗೆ: ವೈಜಿ ಅಂದರೆ ಮೀಟರ್ ಗೇಜ್‌ನ ಗೂಡ್ಸ್ ಇಂಜಿನ್. ಎರಡು ಹಳಿಗಳ ನಡುವೆ ಒಂದು ಮೀಟರ್ ಇದ್ದರೆ ಅದು ಮೀಟರ್ ಗೇಜ್. ಮುಂದೆ ಎರಡು ಗಾಲಿ, ನಡುವೆ ಎಂಟು, ಹಿಂದೆ ಎರಡು. ಚಿತ್ತರಂಜನ್ ಕಾರ್ಖಾನೆ 1972ರಲ್ಲಿ ಕಟ್ಟಿದ ಕೊನೆಯ ಉಗಿ ಇಂಜಿನ್ನೂ ಒಂದು ವೈಜಿಯೇ. ಕಲಬುರಗಿ ಬ್ರಾಡ್ ಗೇಜ್ ಊರು, ನಿನಗ್ಯಾಕೆ ಮೀಟರ್ ಗೇಜ್ ಅಂತ ಕೇಳುತ್ತಾರೆ. ಹಿಂದೆ ಹೊಟಗಿಯಲ್ಲಿ ಇಳಿದು ವಿಜಯಪುರದ ಮೀಟರ್ ಗೇಜ್ ಗಾಡಿ ಹತ್ತಿದವರು ಹೀಗೆ ಕೇಳಲ್ಲ. ಅಲ್ಲದೆ ಲೆಕ್ಕವೂ ಕೂಡುತ್ತದೆ. ಗಾರ್ಡನ್ ರೈಲ್ವೆ (ಹಿತ್ತಲಲ್ಲಿ ಓಡಿಸುವ ಮಾದರಿ ರೈಲು) ಹಳಿಯ ಅಗಲ 45 ಮಿಮೀ, 1:22.5 ಅಳತೆಗೆ (ನಿಜದ್ದಕ್ಕಿಂತ 22.5 ಪಟ್ಟು ಚಿಕ್ಕದು) ಅದು ಹೆಚ್ಚುಕಡಿಮೆ ಒಂದು ಮೀಟರೇ. ಬ್ರಾಡ್ ಗೇಜ್‌ನ 1676 ಮಿಮೀ ಇದೇ ಹಳಿಗೆ ಇಳಿಸಿದರೆ 1:37 ಆಗುತ್ತೆ, ಆ ಅಳತೆಗೆ ರೆಡಿಮೇಡ್ ಸಾಮಾನು ಹುಡುಕೋದು ಯಾರಿಗೆ ಬೇಕು?

ಬಾಯ್ಲರ್ ಪಿವಿಸಿ ಪೈಪಿನದು, ಮೇಲೆ ತೆಳು ಅಲ್ಯೂಮಿನಿಯಂ ತಗಡು. ರಿವಿಟ್‌ಗಳಿಗೆ ಇಂಕು ಮುಗಿದ ಬಾಲ್‌ಪೆನ್ನು ಸಾಕು. ತಗಡು ಮಗುಚಿ, ಕೆಳಗೆ ಹಳೇ ಸೈಕಲ್ ಟ್ಯೂಬ್ ಹಾಸಿ, ಸ್ಕೇಲ್ ಇಟ್ಟು ಒಂದೊಂದೇ ಚುಕ್ಕಿ ಒತ್ತಬೇಕು. ಜಾಸ್ತಿ ಒತ್ತಿದರೆ ತೂತು. ಮೋಟಾರಿಗೆ ಕರೆಂಟ್ ಹಳಿಯಿಂದ ತೆಗೆದುಕೊಂಡಿಲ್ಲ, ನಮ್ಮ ಧೂಳಿಗೆ ಹಳಿ ಒರೆಸುವುದರಲ್ಲೇ ಸಂಜೆ ಆಗುತ್ತೆ. ಬ್ಯಾಟರಿ ಟೆಂಡರಿನ (ಇಂಜಿನ್ ಹಿಂದಿನ ಕಲ್ಲಿದ್ದಲು-ನೀರಿನ ಗಾಡಿ) ಕಲ್ಲಿದ್ದಲ ಕೆಳಗೆ ಕೂತಿದೆ.

ಈಗ ವೆದರಿಂಗ್, ಅಂದರೆ ಮಾದರಿಗೆ ಬಳಸಿ ಹಳೇದಾದ ಬಣ್ಣ ಕೊಡುವುದು. ಹೊರದೇಶದ ವಿಡಿಯೋ ನೋಡಿದರೆ ಎಲ್ಲರೂ ಮೈತುಂಬಾ ತುಕ್ಕು ಬಳಿಯುತ್ತಾರೆ. ಅಲ್ಲಿ ಮಳೆ, ತೇವ, ಸರಿ. ನಮ್ಮ ಕಡೆ ಓಡಿದ ಇಂಜಿನ್ನಿಗೆ ತುಕ್ಕಿಗಿಂತ ಧೂಳು, ಮಸಿ, ಎಣ್ಣೆ ಜಾಸ್ತಿ, ಜೊತೆಗೆ ಸುಣ್ಣದ ಕಲೆ. ಸುಣ್ಣದ ಕಲ್ಲಿನ ನೆಲ ಇದು, ನೀರು ಗಡಸು. ಮನೆಯ ಗೀಸರ್ ಕಾಯ್ಲ್ ಬಿಚ್ಚಿ ನೋಡಿ, ಬಿಳಿ ಪೊರೆ ಕಟ್ಟಿರುತ್ತೆ. ಅದೇ ನೀರು ಬಾಯ್ಲರಿನಲ್ಲಿ ಕುದಿದು ಎಲ್ಲೆಲ್ಲಿ ಸೋರುತ್ತದೋ ಅಲ್ಲಿ ಬಿಳಿ ಗೆರೆ ಇಳಿಯುತ್ತದೆ. ಹಾಗಾಗಿ ಸೇಫ್ಟಿ ವಾಲ್ವ್ ಬುಡದಿಂದ, ಇಂಜೆಕ್ಟರ್ (ಬಾಯ್ಲರಿಗೆ ನೀರು ತುಂಬುವ ಸಾಧನ) ಪೈಪಿನ ಕೆಳಗೆ, ತೆಳ್ಳಗೆ ಮಾಡಿದ ಬೂದುಬಿಳಿ ಅಕ್ರಿಲಿಕ್ಕನ್ನು ಸಣ್ಣ ಕುಂಚದಿಂದ ಕೆಳಗೆ ಎಳೆದೆ. ಒಣಗುವ ಮುಂಚೆ ಒದ್ದೆ ಬೆರಳಲ್ಲಿ ಅಂಚು ಒರೆಸಿದರೆ ಗೆರೆ ಸಹಜವಾಗಿ ಮಸುಕಾಗುತ್ತದೆ.

ವಾಡಿ ಕಡೆ ಇಂಜಿನ್ ಓಡಿಸಿದ ನಮ್ಮ ಕಾಕಾ ಬಂದು ನೋಡಿದರು. ಕ್ಯಾಬ್ (ಡ್ರೈವರ್ ನಿಲ್ಲುವ ಕೋಣೆ) ಪಕ್ಕಕ್ಕೂ ನಾನು ಮಸಿ ಹಚ್ಚಲು ಹೊರಟಿದ್ದೆ. "ಅಲ್ಲಿ ಬ್ಯಾಡಪ್ಪ, ಅದನ್ನ ನಾವು ದಿನಾ ಎಣ್ಣಿ ಅರಿಬಿಲೆ ಒರಸ್ತಿದ್ವಿ" ಅಂದರು. ಸರಿ, ನಂಬರ್ ಇರುವ ಜಾಗದ ಸುತ್ತ ಮಾತ್ರ ಸ್ವಲ್ಪ ಹೊಳಪು ಬಿಟ್ಟೆ. ಉಳಿದ ಮೈಯೆಲ್ಲ ಮಂಕು, ಆ ಒಂದು ಚೌಕ ಮಾತ್ರ ಎಣ್ಣೆ ಮಿಂಚು. ಇಡೀ ಇಂಜಿನ್ನಿಗೆ ಜೀವ ಬಂದದ್ದೇ ಅಲ್ಲಿ, ನನ್ನ ಮಟ್ಟಿಗೆ.

ಧೂಳಿಗೆ ಅಂಗಡಿಯ ಪುಡಿ ಬೇಕಿಲ್ಲ. ಶಹಾಬಾದಿ ಪರ್ಸಿ (ನೆಲಕ್ಕೆ ಹಾಸುವ ಕಲ್ಲು) ಕೊಯ್ಯುವಲ್ಲಿ ಬೀಳುವ ಬೂದು ಪುಡಿ ಒಣಗಿಸಿ ಬಟ್ಟೆಯಲ್ಲಿ ಸೋಸಿದೆ, ಗಾಲಿ ಮತ್ತು ಫ್ರೇಮಿಗೆ ಅದೇ. ಬೀದರಿನ ಕೆಂಪು ಮಣ್ಣು ಟೆಂಡರಿನ ಮೂಲೆಗಳಿಗೆ ಒಂದು ಚಿಟಿಕೆ. (ಬಿದ್ರಿ ಪಾತ್ರೆಗಳ ಕಪ್ಪು ಯಾಕೆ ಹಾಕಬಾರದು ಅಂತ ಬೀದರಿನ ಗೆಳೆಯ ಕೇಳಿದ. ಕೋಟೆ ಮಣ್ಣು, ನವಸಾಗರ ಹಾಕಿ ಬರುವ ಆ ಕಪ್ಪು ಸತುವಿನ ಲೋಹಕ್ಕೆ ಹಿಡಿಯುತ್ತೆ, ಪ್ರೈಮರ್ ಹೊಡೆದ ತಗಡಿಗಲ್ಲ.) ಮೇಲೆ ಮ್ಯಾಟ್ (ಹೊಳಪಿಲ್ಲದ) ಲ್ಯಾಕರ್ ಹೊಡೆದರೆ ಅರ್ಧ ಪುಡಿ ಕಾಣದಂತಾಗುತ್ತೆ, ಅದಕ್ಕೆ ಮೊದಲೇ ಸ್ವಲ್ಪ ಧಾರಾಳವಾಗಿ ಉದುರಿಸಿ.

ಹಳಿಯ ಕೆಲಸ ಬಾಕಿ ಇದೆ. ಹಿತ್ತಲಲ್ಲಿ ಪರ್ಸಿ ಹಾಸಿ ಅದರ ಮೇಲೆ ಹಿತ್ತಾಳೆ ಹಳಿ ಕೂರಿಸಬೇಕು. 10 ಮೀಟರ್ ಹಿತ್ತಾಳೆ 40 ಡಿಗ್ರಿ ಬಿಸಿ ಏರಿದರೆ 7 ಮಿಮೀಗಿಂತ ಜಾಸ್ತಿ ಉದ್ದ ಆಗುತ್ತೆ, ಮೇ ತಿಂಗಳ ಬಿಸಿಲಿಗೆ ಜಾಗ ಬಿಡದಿದ್ದರೆ ಹಳಿ ಹಾವಾಗುವುದು ಖಂಡಿತ. ಬಾಯ್ಲರ್ ಒಳಗಿನ ಪಿವಿಸಿಯೂ ಮೆತ್ತಗಾಗುತ್ತೆ, ಹಾಗಾಗಿ ಓಡಿಸುವುದು ಸಂಜೆ ಮೇಲೆಯೇ. ಮುಂದಿನ ಸಲ ಹಳಿ ಜೋಡಣೆ ಮತ್ತು ಕಪ್ಲಿಂಗ್ ಬಗ್ಗೆ ಬರೆಯುತ್ತೇನೆ. ಕಲಬುರಗಿಯಲ್ಲಿ ಸಣ್ಣ ಲೇತ್ ಕೆಲಸ ಮಾಡಿಕೊಡುವವರು ಗೊತ್ತಿದ್ದರೆ ಹೇಳಿ, ನಡುವಿನ ಎರಡು ಜೋಡಿ ಗಾಲಿಯ ಫ್ಲೇಂಜ್ (ಗಾಲಿ ಹಳಿ ತಪ್ಪದಂತೆ ತಡೆಯುವ ಅಂಚು) ತೆಗೆಸಬೇಕು.