ಪಾಯಿಂಟ್ ಮೂವತ್ತೈದು

ವರ್ಷದ ಶುರುವಿನಲ್ಲಿ ನಮ್ಮ ಹೆಡ್‌ಮಿಸ್ ಎಲ್ಲ ಟೀಚರ್‌ಗಳಿಗೂ ಒಂದೊಂದು ಹಾಳೆ ಕೊಟ್ಟರು. ಅದರಲ್ಲಿ ಇದ್ದದ್ದು ಎರಡೇ ಪ್ರಶ್ನೆ. ಶಿಕ್ಷಣದ ಬಗ್ಗೆ ನಿಮ್ಮ ನಿಲುವೇನು? ತರಗತಿಯಲ್ಲಿ ನಿಮ್ಮ ಗುರಿಗಳೇನು? ಶುಕ್ರವಾರದೊಳಗೆ ಬರೆದು ಕೊಡಬೇಕು. ನಾನು ಅವತ್ತು ಸಂಜೆಯೇ ಕೂತು ಬರೆದುಬಿಟ್ಟೆ. ಇಂಥದ್ದು ಬರೆಯೋದು ಕಷ್ಟವೇನಲ್ಲ, ಟ್ರೇನಿಂಗ್ ಮುಗಿಸಿದ ಯಾರಿಗೇ ಆದರೂ ಈ ಮಾತುಗಳು ನಾಲಿಗೆ ತುದಿಯಲ್ಲೇ ಇರುತ್ತವೆ. ಸರ್ವಾಂಗೀಣ ಬೆಳವಣಿಗೆ, ಮಗು ಕೇಂದ್ರಿತ ಕಲಿಕೆ, ಇತ್ಯಾದಿ ಇತ್ಯಾದಿ. ಕೊನೆಗೆ 'ಪ್ರತಿ ಮಗುವೂ ಅರ್ಥ ಮಾಡಿಕೊಂಡು ಕಲಿಯಬೇಕು ಎಂಬುದೇ ನನ್ನ ಗುರಿ' ಅಂತ ಸೇರಿಸಿ, ಸಹಿ ಹಾಕಿ ಬ್ಯಾಗಿನಲ್ಲಿಟ್ಟುಕೊಂಡೆ.

ಮಾರನೇ ದಿನ ಐದನೇ ಕ್ಲಾಸಿಗೆ ದಶಮಾಂಶ. ಪಾಠ ಶುರುವಾಗಿ ಆಗಲೇ ಎರಡು ದಿನ ಆಗಿತ್ತು. ಹಿಂದಿನ ದಿನ ಬೆಲ್ ಹೊಡೆಯುವ ಮುಂಚೆ "ಅರ್ಥ ಆಯ್ತಾ?" ಅಂದಾಗ ಇಡೀ ಕ್ಲಾಸು ರಾಗವಾಗಿ "ಆಯ್ತು ಮಿಸ್" ಅಂದಿತ್ತು. ಹಾಗಾಗಿ ಧೈರ್ಯವಾಗಿ ಬೋರ್ಡಿನ ಮೇಲೆ 0.5 ಮತ್ತು 0.35 ಬರೆದು, ಯಾವುದು ದೊಡ್ಡದು ನೋಟ್‌ಬುಕ್ಕಿನಲ್ಲಿ ಬರೀರಿ ಅಂದೆ. ಸುಮ್ನೆ, ಶುರುವಿಗೆ ಒಂದು ಸುಲಭದ ಪ್ರಶ್ನೆ ಇರಲಿ ಅಂತ.

ಬೆಂಚುಗಳ ಮಧ್ಯೆ ಓಡಾಡಿಕೊಂಡು ನೋಡುತ್ತೇನೆ, 0.35. ಪಕ್ಕದವನದೂ 0.35. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಅದನ್ನೇ ಬರೆದಿದ್ದಾರೆ. ಮೂರನೇ ಬೆಂಚಿನ ಹುಡುಗಿ ಒಬ್ಬಳು ನಾನು ಹತ್ತಿರ ಬಂದದ್ದೇ ತಡ, ಗಡಿಬಿಡಿಯಲ್ಲಿ ರಬ್ಬರ್ ತೆಗೆದು ಉಜ್ಜೋಕೆ ಶುರು ಮಾಡಿದಳು. ನಾನು ಬಾಯಿ ಬಿಟ್ಟಿರಲಿಲ್ಲ. ಮುಖ ನೋಡಿಯೇ ತಪ್ಪು ಅಂತ ಗೊತ್ತಾಗಿರಬೇಕು. ಉಜ್ಜಿದ ರಭಸಕ್ಕೆ ಹಾಳೆ ಸವೆದು ತೂತಾಯಿತು. ಆ ತೂತಿನ ಪಕ್ಕದಲ್ಲೇ, ಸಣ್ಣದಾಗಿ, 0.5 ಅಂತ ಬರೆದಳು.

ಉತ್ತರ ಸರಿ. ಟಿಕ್ ಹಾಕಿ ಮುಂದೆ ಹೋಗಬಹುದಿತ್ತು. ಬೇರೆ ದಿನ ಆಗಿದ್ದರೆ ಹೋಗುತ್ತಲೂ ಇದ್ದೆ, ಸುಳ್ಳು ಯಾಕೆ ಹೇಳಲಿ. ಆದರೆ ಬ್ಯಾಗಿನಲ್ಲಿದ್ದ ಹಾಳೆ ಮತ್ತು ಅದರ ಕೊನೇ ಸಾಲು ನೆನಪಾಗಿ ಒಂಥರಾ ಮುಜುಗರ ಆಯಿತು.

"ಮೊದಲು ಬೇರೆ ಬರೆದಿದ್ದೆಯಲ್ಲ ಪುಟ್ಟಾ, ಅದು ಯಾಕೆ ದೊಡ್ಡದು ಅನ್ನಿಸ್ತು?" ಅಂದೆ. ಮಾತಿಲ್ಲ.

ಮೇರಿ ಬಡ್ ರೋ ಎಂಬ ಸಂಶೋಧಕಿ ನೂರಾರು ಕ್ಲಾಸುಗಳ ಟೇಪ್ ಕೇಳಿ 1970ರ ದಶಕದಲ್ಲೇ ಇದನ್ನ ಹೇಳಿದ್ದರು. ಟೀಚರ್‌ಗಳು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯೋದು ಸುಮಾರು ಒಂದೇ ಸೆಕೆಂಡು. ಮೂರು ಸೆಕೆಂಡು ಕಾದರೂ ಸಾಕು, ಮಕ್ಕಳ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡದೆ ಕೂರುವವರು ಕಡಿಮೆಯಾಗುತ್ತಾರೆ. ಇದನ್ನ ಓದಿ, ಪರೀಕ್ಷೆಯಲ್ಲಿ ಬರೆದು, ಮಾರ್ಕ್ಸೂ ತಗೊಂಡವಳು ನಾನು. ಕಾದದ್ದು ಮಾತ್ರ ಅವತ್ತೇ ಮೊದಲು. ಮೂವತ್ತು ಜೊತೆ ಕಣ್ಣು ನಿಮ್ಮನ್ನೇ ನೋಡುತ್ತಿರುವಾಗ ಮೂರು ಸೆಕೆಂಡು ಎಷ್ಟು ಉದ್ದ ಅಂತ ನಿಂತವರಿಗೇ ಗೊತ್ತು. ನಾನು ಮನಸ್ಸಿನಲ್ಲೇ ಎಣಿಸುತ್ತಾ ಏಳಕ್ಕೆ ಬಂದಿದ್ದೆ.

"ಮೂವತ್ತೈದು ಐದಕ್ಕಿಂತ ದೊಡ್ಡದಲ್ವಾ ಮಿಸ್. ನೀವೇ ಓದಿದ್ರಲ್ಲ, ಪಾಯಿಂಟ್ ಮೂವತ್ತೈದು ಅಂತ."

ಹೌದು, ನಾನೇ ಓದಿದ್ದೆ. ಎರಡು ದಿನವೂ. ಮೂರು ಅಂದರೆ ಹತ್ತನೇ ಒಂದು ಭಾಗಗಳು ಮೂರು, ಐದು ಅಂದರೆ ನೂರನೇ ಒಂದು ಭಾಗಗಳು ಐದು ಅಂತ ಬೋರ್ಡಿನ ಮೇಲೆ ನೀಟಾಗಿ ಬರೆದು, ಬಾಯಲ್ಲಿ ಮಾತ್ರ ಮೂವತ್ತೈದು, ಮೂವತ್ತೈದು ಅನ್ನುತ್ತಿದ್ದೆ. ಮಕ್ಕಳು ಬೋರ್ಡನ್ನು ಬಿಟ್ಟು ಕಿವಿಗೆ ಬಿದ್ದದ್ದನ್ನು ನಂಬಿದರು. ಆ ಹುಡುಗಿಗೆ ಗಮನ ಇರಲಿಲ್ಲ ಅಂತಲ್ಲ. ಅಂಕಿ ಜಾಸ್ತಿ ಇದ್ದರೆ ಸಂಖ್ಯೆ ದೊಡ್ಡದು ಅನ್ನೋ ಒಂದು ನಿಯಮ ಅವಳ ಹತ್ತಿರ ಇತ್ತು, ನಾಲ್ಕು ವರ್ಷ ಪೂರ್ಣ ಸಂಖ್ಯೆಗಳಲ್ಲಿ ಅದು ಒಂದು ಸಲವೂ ಕೈಕೊಟ್ಟಿರಲಿಲ್ಲ. ನಾನು ಅದನ್ನ ಕೇಳದೇ ಇದ್ದಿದ್ದರೆ ರಬ್ಬರ್ ಜೊತೆಗೇ ಅದೂ ಉದುರಿ ಹೋಗುತ್ತಿತ್ತು ಅಂದುಕೊಂಡೀರಾ? ಇಲ್ಲ, ಒಳಗೇ ಇರುತ್ತಿತ್ತು.

ಮೀಟರ್ ಸ್ಕೇಲ್ ತರಿಸಿದೆ. ಅವಳೇ ನೆಲದ ಮೇಲೆ ಇಟ್ಟು 0.5 ಮೀಟರಿಗೆ, ಅಂದರೆ 50 ಸೆಂಟಿಮೀಟರಿಗೆ ಒಂದು ಚಾಕ್ ಗೆರೆ, 35ಕ್ಕೆ ಇನ್ನೊಂದು ಗೆರೆ ಎಳೆದಳು. ಸ್ವಲ್ಪ ಹೊತ್ತು ಗೆರೆಗಳನ್ನೇ ನೋಡುತ್ತಾ ಕೂತಳು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ, "ಹಾಗಾದ್ರೆ 0.5, 0.50 ಎರಡೂ ಒಂದೇನಾ?" ಅಂದ. ನಾನು ಮುಂದಿನ ವಾರಕ್ಕೆ ಅಂತ ಎತ್ತಿಟ್ಟಿದ್ದ ಪಾಠ ಅದು!

1585ರಲ್ಲಿ ಸೈಮನ್ ಸ್ಟೆವಿನ್ ಎಂಬ ಗಣಿತಜ್ಞರು ದಶಮಾಂಶಗಳ ಬಗ್ಗೆ ಬರೆದಾಗ ಬಿಂದು ಬಳಸಿರಲಿಲ್ಲ. ಪ್ರತಿ ಅಂಕಿಯ ಜೊತೆ ಅದರ ಸ್ಥಾನವನ್ನು ಸಣ್ಣ ಸುತ್ತಿನೊಳಗೆ ತೋರಿಸಿದ್ದರು. 3ರ ಜೊತೆ ಸುತ್ತಿನೊಳಗೆ 1, 5ರ ಜೊತೆ ಸುತ್ತಿನೊಳಗೆ 2. ನೋಡೋಕೆ ರಗಳೆ ಅನ್ನಿಸುತ್ತದೆ, ಆದರೆ ಹಾಗೆ ಬರೆದದ್ದನ್ನ ಮೂವತ್ತೈದು ಅಂತ ಓದೋಕೆ ಬಾಯಿ ಬರೋದಿಲ್ಲ. ಉಳಿದ ಸಮಯ ನಾವೂ ಹಾಗೇ ಬರೆದೆವು. ಮಕ್ಕಳಿಗೆ ಗುಟ್ಟಿನ ಲಿಪಿ ಸಿಕ್ಕಷ್ಟು ಖುಷಿ.

ಗುರುವಾರ ರಾತ್ರಿ ಹಳೇ ಹಾಳೆ ಹರಿದು ಹಾಕಿದೆ. ಹೊಸದರಲ್ಲಿ ನಾಲ್ಕೇ ಸಾಲು. ಉತ್ತರ ತಪ್ಪಿದ್ದರೂ ಸರಿ ಇದ್ದರೂ ಯಾಕೆ ಅಂತ ಕೇಳುತ್ತೇನೆ, ಕೇಳಿದ ಮೇಲೆ ಕಾಯುತ್ತೇನೆ. 'ಅರ್ಥ ಆಯ್ತಾ' ಅನ್ನೋ ಪ್ರಶ್ನೆ ಬಿಡುತ್ತೇನೆ. ಗಣಿತದ ಪಿರಿಯಡ್‌ನಲ್ಲಿ ರಬ್ಬರ್ ಬೇಡ, ತಪ್ಪಾದರೆ ಒಂದು ಗೆರೆ ಹೊಡೆದು ಕೆಳಗೆ ಬರೆಯಲಿ, ಮೊದಲು ಏನು ಯೋಚಿಸಿದ್ದರು ಅಂತ ನನಗೂ ಅವರಿಗೂ ಕಾಣಲಿ. ಹೆಡ್‌ಮಿಸ್ ಓದಿ, ಹಿಂದೆ ತಿರುಗಿಸಿ ನೋಡಿ, "ಇಷ್ಟೇನಾ?" ಅಂದರು. ಸದ್ಯಕ್ಕೆ ಇಷ್ಟೇ ಮೇಡಂ ಅಂದೆ.

ಸೋಮವಾರ 0.4 ಮತ್ತು 0.83 ಕೊಟ್ಟೆ. ಕಿಟಕಿ ಪಕ್ಕದ ಹುಡುಗ 0.4 ದೊಡ್ಡದು ಅಂತ ಬರೆದಿದ್ದ. ಯಾಕೋ ಅಂದೆ, ಕಾದೆ.

"ಉದ್ದ ಇದ್ರೆ ಚಿಕ್ಕದು ಮಿಸ್. ಮೊನ್ನೆ ಹಾಗೇ ಆಯ್ತಲ್ಲ."

ಮೀಟರ್ ಸ್ಕೇಲ್ ತರೋಕೆ ಅವನನ್ನೇ ಕಳಿಸಿದೆ.