ಪುನರ್ವಸು ಮಳೆಯಲ್ಲಿ ಪಾಪುವಿನ ಲಂಗೋಟಿ

ಮಗುವಿಗೆ ಬಟ್ಟೆನಾ, ಡೈಪರಾ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳೋದು, ಡೆಲಿವರಿ ಯಾವ ತಿಂಗಳು ಅಂತ. ನನ್ನ ಮಗಳು ಹುಟ್ಟಿದ್ದು ಮೇ ಕೊನೆಯಲ್ಲಿ. ಬಾಣಂತನಕ್ಕೆ ಬಂದಿದ್ದು ಹೆತ್ತೂರು ಕಡೆಯ ತವರುಮನೆಗೆ. ಸಕಲೇಶಪುರದ ಆ ಭಾಗದಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಬಿಸಿಲು ಕಾಣೋದಿಲ್ಲ.

ಅಮ್ಮ ಮೊದಲೇ ಹಳೇ ಕಾಟನ್ ಸೀರೆ, ಅಪ್ಪನ ಪಂಚೆ ಎಲ್ಲ ಹರಿದು, ಕುದಿಯೋ ನೀರಲ್ಲಿ ಅದ್ದಿ ಒಗೆದು, ಅಂಚು ಹೊಲಿದು ಲಂಗೋಟಿ ಮಾಡಿಟ್ಟಿದ್ದರು. ಎಷ್ಟೋ ವರ್ಷ ಒಗೆದ ಬಟ್ಟೆ ಮೆತ್ತಗಿರುತ್ತೆ, ಬೇಗ ಹೀರುತ್ತೆ. ನಾನು ಆನ್‌ಲೈನಲ್ಲಿ ಬಟ್ಟೆ ಡೈಪರ್ ತರಿಸಿದ್ದೆ, ಹೊರಗೆ ನೀರು ಸೋರದ ಪದರ, ಒಳಗೆ ತೂರಿಸೋಕೆ ದಪ್ಪ ಪ್ಯಾಡ್. ಮಗುವಿಗೆ ಹಾಕಿದರೆ ನೋಡೋಕೆ ತುಂಬಾ ಚೆಂದ. ಆದರೆ ಮಲೆನಾಡಿನ ಜುಲೈಗೆ ಆ ದಪ್ಪ ಪ್ಯಾಡ್ ಆಗಿಬರೋದಿಲ್ಲ. ಎರಡು ದಿನ ನೇತುಹಾಕಿದರೂ ಒಳಗೆ ಹಸಿ ಹಾಗೇ ಇರುತ್ತೆ, ಆಮೇಲೆ ಮುಗ್ಗಲು ವಾಸನೆ. ಒಂದೇ ಪದರದ ಸೀರೆ ತುಂಡು ಅಷ್ಟು ಹೊತ್ತಿಗೆ ಒಣಗಿ, ಮತ್ತೆ ಒದ್ದೆಯಾಗಿ, ಮತ್ತೆ ಒಣಗಿರುತ್ತೆ.

ಪುನರ್ವಸು ಮಳೆ ಜೋರಾಗಿದ್ದ ಒಂದು ದಿನ ಗಾಳಿಗೆ ಮರ ಬಿದ್ದು ಕರೆಂಟ್ ಹೋಯಿತು. ಅಲ್ಲಿವರೆಗೆ ಇಸ್ತ್ರಿ ಪೆಟ್ಟಿಗೆಯಾದರೂ ಇತ್ತು. ಅಷ್ಟು ಪುಟ್ಟ ಮಗು ದಿನಕ್ಕೆ ಎಂಟು-ಹತ್ತು ಸಲ ಒದ್ದೆ ಮಾಡುತ್ತೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಬಚ್ಚಲೊಲೆ ಹತ್ತಿರದ ಹಗ್ಗದ ತುಂಬಾ ಬಟ್ಟೆ, ಒಂದೂ ಒಣಗಿಲ್ಲ. ಅಮ್ಮ ಕೆಂಡ ತಂದು, ಅದರ ಮೇಲೆ ಬಿದಿರು ಬುಟ್ಟಿ ಬೋರಲು ಹಾಕಿ, ಒಂದೊಂದೇ ಲಂಗೋಟಿ ಹರಡಿ, ಮಗುಚಿ, ಮತ್ತೆ ಹರಡಿ ಅಲ್ಲೇ ಕೂತರು. ಒಣಗಿತಾ ಅಂತ ಅವರು ಕೈಯಲ್ಲಿ ಮುಟ್ಟಿ ನೋಡುತ್ತಿರಲಿಲ್ಲ, ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರು. ಕೈಗೆ ಬೆಚ್ಚಗಿದ್ದ ಬಟ್ಟೆಯ ಅಂಚಿನ ಹೊಲಿಗೆ ಕೆನ್ನೆಗೆ ತಣ್ಣಗೆ ತಾಗುತ್ತೆ. ಹಾಗೆ ತಾಗಿದ್ದು ಮತ್ತೆ ಬುಟ್ಟಿ ಮೇಲೆ.

ಅವತ್ತೇ ಮಗುವಿನ ತೊಡೆ ಸಂದಿಯಲ್ಲಿ ಕೆಂಪಗೆ ಗುಳ್ಳೆ ಎದ್ದಿದ್ದು. ಹಾಸನದ ಮಕ್ಕಳ ಡಾಕ್ಟರಿಗೆ ಫೋನ್ ಮಾಡಿದೆ. ಬರೀ ನೀರಲ್ಲಿ ತೊಳೆದು ಒರೆಸಿ, ಸ್ವಲ್ಪ ಹೊತ್ತು ಏನೂ ಹಾಕದೆ ಬಿಡಿ, ಜಿಂಕ್ ಆಕ್ಸೈಡ್ ಕ್ರೀಮ್ ಹಚ್ಚಿ, ಪೌಡರ್ ಬೇಡ ಅಂದರು. ಬಟ್ಟೆಯಾದರೂ ಡೈಪರಾದರೂ ಚರ್ಮ ಎಷ್ಟು ಹೊತ್ತು ಒದ್ದೆಯಲ್ಲಿರುತ್ತೆ ಅನ್ನೋದೇ ಮುಖ್ಯ ಅಂತಲೂ ಹೇಳಿದರು.

"ಅಮ್ಮಾ, ರಾತ್ರಿಗೆ ಡೈಪರ್ ಹಾಕೋಣ" ಅಂದೆ.

"ಪ್ಲಾಸ್ಟಿಕ್ ಕಣೇ ಅದು. ಮಗೂಗೆ ಶೆಕೆ ಆಗಲ್ವಾ?"

"ಅರೆಬರೆ ಒಣಗಿದ್ದು ಕಟ್ಟಿದ್ರೆ ಶೀತ ಆಗಲ್ವಾ? ನಿನ್ನ ಸೊಂಟನೂ ನೋಡ್ಕೋ."

ಒಂದು ಡೈಪರ್ ಬಿಡಿಸಿ ಅದಕ್ಕೆ ಲೋಟ ನೀರು ಸುರಿದು ತೋರಿಸಿದೆ. ಒಳಗಿರೋ ಸೋಡಿಯಂ ಪಾಲಿಅಕ್ರಿಲೇಟ್ ಪುಡಿ ನೀರು ಹಿಡಿದು ಅಂಟಿನ ಹಾಗೆ ಗಟ್ಟಿಯಾಗುತ್ತೆ. ಅಮ್ಮ ಮೇಲಿನ ಪದರ ಒತ್ತಿ ನೋಡಿದರು, ಅದನ್ನೂ ಕೆನ್ನೆಗೆ ಇಟ್ಟುಕೊಂಡರು. ಆಮೇಲೆ ಬೇಡ ಅನ್ನಲಿಲ್ಲ.

ಬಟ್ಟೆ ಪರ ಮಾತಾಡೋರು ಒಗೆಯೋರು ಯಾರು ಅಂತ ಹೇಳೋದೇ ಇಲ್ಲ, ಅದು ನನಗೆ ನಿಜಕ್ಕೂ ಬೇಜಾರು. ಬಾಣಂತಿ ತಣ್ಣೀರು ಮುಟ್ಟಬಾರದು ಅಂತಾರೆ, ಹಾಗಾದ್ರೆ ಆ ಕೆಲಸ ಅಮ್ಮನ ಮೇಲೋ, ಮನೆಗೆ ಬರೋ ಕೆಲಸದವರ ಮೇಲೋ ಬೀಳುತ್ತೆ, ಅಲ್ವಾ? ಪರಿಸರದ ಲೆಕ್ಕವೂ ಅಷ್ಟು ಸಲೀಸಲ್ಲ. ಬ್ರಿಟನ್ನಲ್ಲಿ 2008ರಲ್ಲಿ ಸರ್ಕಾರದ ಕಡೆಯಿಂದ ಬಂದ ವರದಿಯಲ್ಲಿ, ಮಗುವಿನ ಮೊದಲ ಎರಡೂವರೆ ವರ್ಷಕ್ಕೆ ಡೈಪರ್ ಲೆಕ್ಕ ಸುಮಾರು 550 ಕೆಜಿ ಇಂಗಾಲದ ಡೈ ಆಕ್ಸೈಡ್, ಬಟ್ಟೆಯದು 570. ಬಿಸಿಲು-ಗಾಳಿಗೆ ಒಣಗಿಸಿ, ಅದೇ ಬಟ್ಟೆ ಮುಂದಿನ ಮಗುವಿಗೂ ಬಳಸಿದರೆ ಮಾತ್ರ ಬಟ್ಟೆಯದು ಚೆನ್ನಾಗಿ ಇಳಿಯುತ್ತೆ.

ಹಾಗಂತ ಡೈಪರ್ ಹಾಕಿ ಎಸೆದರೆ ಮುಗೀತು ಅಂತಲ್ಲ. ನಮ್ಮ ತೋಟದ ಮನೆ ತನಕ ಕಸದ ಗಾಡಿ ಬರೋದಿಲ್ಲ. ಗುಂಡಿಗೆ ಹಾಕಿದರೆ ನಾಯಿ ಎಳೆದು ತೋಟದ ತುಂಬಾ ಹರಡುತ್ತೆ. ಸುಟ್ಟರೆ ಪ್ಲಾಸ್ಟಿಕ್ ಹೊಗೆ. ಹಳ್ಳಕ್ಕಂತೂ ಬೇಡವೇ ಬೇಡ, ನಮ್ಮ ಕಡೆಯ ಎಷ್ಟೋ ಹಳ್ಳಗಳು ಹೇಮಾವತಿಗೇ ಸೇರೋದು, ಆ ನೀರೇ ಗೊರೂರು ಡ್ಯಾಮಿಗೆ ಹೋಗೋದು. 2016ರ ಘನತ್ಯಾಜ್ಯ ನಿಯಮದಲ್ಲಿ ಡೈಪರನ್ನು ಸುತ್ತಿ ಒಣಕಸದ ಜೊತೆ ಕೊಡಬೇಕು ಅಂತಿತ್ತು. ಕಕ್ಕ ಇದ್ದರೆ ಅದನ್ನು ಕಕ್ಕಸಿಗೆ ಹಾಕಿ, ಡೈಪರನ್ನು ಪೇಪರಲ್ಲಿ ಬಿಗಿಯಾಗಿ ಸುತ್ತಿ ಮುಚ್ಚಳದ ಡಬ್ಬದಲ್ಲಿ ಇಡುತ್ತಿದ್ದೆ. ನಮ್ಮನೆಯವರು ಭಾನುವಾರ ಬಂದಾಗ ಹಾಸನಕ್ಕೆ ತಗೊಂಡು ಹೋಗಿ ಕಸದ ಗಾಡಿಗೆ ಕೊಡುತ್ತಿದ್ದರು. ಅವರು ಒಂದು ಸಲವೂ ಮುಖ ಸಿಂಡರಿಸಲಿಲ್ಲ, ಅದು ನನಗೆ ದೊಡ್ಡದು.

ರಾತ್ರಿಗೆ ಒಂದು, ಆಸ್ಪತ್ರೆಗೆ ಹೋಗುವಾಗ ಒಂದು, ಉಳಿದ ಹೊತ್ತೆಲ್ಲ ಸೀರೆ ತುಂಡು ಅಂತ ಮಾಡಿಕೊಂಡೆವು. ರಾತ್ರಿ ಹಾಕಿದ್ದನ್ನೂ ಬೆಳಗಿನ ತನಕ ಬಿಡುತ್ತಿರಲಿಲ್ಲ, ಹಾಲಿಗೆ ಎದ್ದಾಗ ನೋಡಿ ಬದಲಾಯಿಸುತ್ತಿದ್ದೆ. ಗುಳ್ಳೆ ಇಳಿಯಿತು. ದಸರಾ ಕಳೆದು ಕಾಫಿ ಕಣದಲ್ಲಿ ಚುರುಕು ಬಿಸಿಲು ಬಿದ್ದ ಮೇಲೆ ಆ ದಪ್ಪ ಪ್ಯಾಡುಗಳೂ ಸಂಜೆಯೊಳಗೆ ಒಣಗತೊಡಗಿದವು, ಡೈಪರ್ ಪ್ಯಾಕೆಟ್ ತರಿಸೋದು ತಾನಾಗೇ ಕಮ್ಮಿ ಆಯಿತು. ಈಗ ನನ್ನ ತಂಗಿಗೆ ಆಷಾಢದಲ್ಲಿ ಡೇಟ್ ಕೊಟ್ಟಿದ್ದಾರೆ. ಲಂಗೋಟಿ ಎಲ್ಲ ಒಗೆದು ಅವಳಿಗೇ ಕೊಟ್ಟಿದ್ದೀನಿ, ಜೊತೆಗೆ ಚಿಕ್ಕ ಸೈಜಿನ ಒಂದು ಪ್ಯಾಕೆಟ್ ಡೈಪರ್, ಮುಚ್ಚಳದ ಡಬ್ಬ.